ಆರಕ್ಕೆ ನಾಲ್ಕು

ಬಾಗಿಲು ತಟ್ಟುವುದಕ್ಕೂ ಒಂದು ಪಾಠವಿದೆ.
ಪೊಲೀಸರ ಹಾಗೆ ತಟ್ಟಬಾರದು,
ಸಾಲ ವಸೂಲಿಯವರ ಹಾಗೂ ಅಲ್ಲ.
ಬೆರಳ ಗೆಣ್ಣಿನಿಂದ ಎರಡೇ ಸಲ, ಮೆತ್ತಗೆ,
ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು
ಒಳಗಿನಿಂದ ಮುಖ ಕಾಣುವ ಹಾಗೆ ನಿಲ್ಲಬೇಕು.
ಇಪ್ಪತ್ತಾರು ವರ್ಷದಲ್ಲಿ ಕಲಿತದ್ದು ಇಷ್ಟೇ ಎಂದರೂ
ದೊಡ್ಡ ಸುಳ್ಳೇನಲ್ಲ.

ಪೀಟರ್‌ಹೆಡ್ ಬಂದರಿನ ಹಿಂದಿನ ಬೀದಿ,
ಗುಲಾಬಿ ಗ್ರಾನೈಟಿನ ಕಟ್ಟಡ, ಮೂರನೇ ಮಹಡಿ.
ಮೆಟ್ಟಿಲ ಮೇಲೆ ಯಾರದೋ ಸೈಕಲ್ಲು, ಒಂಟಿ ಗಂಬೂಟು.
ಒಂದು ಹೆಗಲಿಗೆ ಮಡಚುವ ತಕ್ಕಡಿ, ಇನ್ನೊಂದಕ್ಕೆ ಚೀಲ;
ಚೀಲದಲ್ಲಿ ಅಳತೆಪಟ್ಟಿ, ಗಿಲಕಿ, ಬಟ್ಟೆಯ ಪುಸ್ತಕ,
ನಾಯಿಯಿರುವ ಮನೆಗೆಂದು ಎರಡು ಬಿಸ್ಕತ್ತು.

ಬಾಗಿಲು ತೆರೆದವಳು ಯುರ್ಗಿತಾ.
ಮನೆ ಲಕಲಕ. ನನಗೆ ಇಂಥ ಮನೆಗಳದ್ದೇ ಭಯ:
ಕೊಳಕು ಮನೆ ತನ್ನ ಕಷ್ಟ ತಾನೇ ಹೇಳುತ್ತದೆ,
ಒರೆಸಿಟ್ಟ ಮನೆ ಬಾಯಿ ಬಿಡುವುದಿಲ್ಲ.
ಗಂಡ ದೋಣಿಯ ಮೇಲೆ, ಹತ್ತು ದಿನವಾಯಿತು.
ಅವಳದು ಮೀನಿನ ಫ್ಯಾಕ್ಟರಿಯಲ್ಲಿ ಏಜೆನ್ಸಿ ಕೆಲಸ;
ಹೊಟ್ಟೆ ಮುಂದೆ ಬಂದ ವಾರ
ಏಜೆನ್ಸಿಯ ಫೋನು ಬರುವುದು ನಿಂತಿತು.

ದೊಮಾಂತಾಸ್‌ಗೆ ಹನ್ನೊಂದು ವಾರ.
ಬಟ್ಟೆ ಬಿಚ್ಚಿ ಮಲಗಿಸಿದೆ.
ಕೆಂಪು ಪುಸ್ತಕದಲ್ಲಿ ಬಾಗಿ ಏರುವ ಗೆರೆಗಳು;
ಈ ವಾರದ ಚುಕ್ಕಿ ಎರಡು ಗೆರೆ ಕೆಳಗೆ,
ಮೆಟ್ಟಿಲು ತಪ್ಪಿದವರ ಹಾಗೆ.
ಮಗು ಮಾತ್ರ ನನ್ನನ್ನೇ ನೋಡುತ್ತಿತ್ತು,
ಹಣೆಯಲ್ಲಿ ಮುದುಕರ ನೆರಿಗೆ ಹೊತ್ತು.

‘ಒಂದು ಬಾಟಲಿ ಮಾಡಿ, ನೋಡೋಣ’ ಎಂದೆ.
ಅವಳು ನೀರು ಹಾಕಿದಳು, ನೂರೆಂಬತ್ತರ ಗುರುತಿಗೆ ಸರಿಯಾಗಿ.
ಡಬ್ಬಿ ತೆರೆದಳು. ತುಟಿಯಲ್ಲೇ ಎಣಿಸಿದಳು:
ವಿಯೆನಸ್, ದು, ತ್ರಿಸ್, ಕೆತುರಿ.
ಮುಚ್ಚಳ ಹಾಕಿದಳು.

ನನಗೆ ಲಿಥುವೇನಿಯದ ಮಾತು ಬಾರದು.
ಆದರೆ ನಾಲ್ಕು, ಯಾವ ಭಾಷೆಯಲ್ಲೂ ಆರಲ್ಲ.

ಹಾಲಿಗೆ ನೀರು ಬೆರೆಸುವವರನ್ನು
ಲೋಕ ಕಳ್ಳರೆನ್ನುತ್ತದೆ.
ಇಲ್ಲಿ ಕದ್ದವರು ಯಾರು ಅಂತ
ನನ್ನ ಫಾರಮಿನಲ್ಲಿ ಕೇಳಿಲ್ಲ.
‘ಶುಕ್ರವಾರದ ತನಕ ಬರಬೇಕು’ ಎಂದಳು ಡಬ್ಬಿ ತೋರಿಸಿ.
ಅಂದು ಸೋಮವಾರ.

ಎರಡು ವಾರದ ಹಿಂದೆ ಇದೇ ಕುರ್ಚಿಯಲ್ಲಿ ಕೂತು
ಬಾಟಲಿ ಕುದಿಸುವ ಕ್ರಮದ ಬಗ್ಗೆ
ಹತ್ತು ನಿಮಿಷ ಉಪದೇಶ ಕೊಟ್ಟವಳು ನಾನು.
ಅವಳು ತಲೆಯಾಡಿಸಿದ್ದಳು. ನಾನು ಗಡಿಯಾರ ನೋಡಿದ್ದೆ.
ಚೀಟಿಯೊಂದನ್ನು ಕೈಗಿತ್ತು ಹೊರಟಿದ್ದೆ,
ಕೈ ತೊಳೆಯುವ ಚಿತ್ರವಿದ್ದ ಚೀಟಿ.
ಅದನ್ನವಳು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಈಗಲೂ ಇದೆ.
ಫ್ರಿಜ್ಜಿನೊಳಗೆ ಏನಿದೆ ಅಂತ
ನಾನು ಕೇಳಿರಲಿಲ್ಲ.

ಗಂಬೂಟಿನ ಪಕ್ಕ ಮೆಟ್ಟಿಲ ಮೇಲೆ ಕೂತು
ಐದು ಫೋನು ಮಾಡಿದೆ. ಮೂರು ಕಡೆ ಸಂಗೀತ ಕೇಳಿಸಿದರು.
ನಾಲ್ಕನೆಯದರಲ್ಲಿ ಚರ್ಚಿನ ಉಗ್ರಾಣದ ಮುದುಕಿ ಎಲ್ಸ್‌ಪೆತ್
‘ಯಾವ ಕಂಪನಿ ಪುಡಿ, ಅಷ್ಟು ಹೇಳು, ಕಥೆ ಬೇಡ’ ಎಂದಳು.
ಕಥೆ ಬೇಡ ಎಂದವರ ಮೇಲೆ ನನಗೆ
ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಗುರುವಾರ ಮತ್ತೆ ಹೋದೆ. ಎರಡು ಸಲ ತಟ್ಟಿ, ಹಿಂದೆ ಸರಿದು.
ಅವಳು ಕರೆಯದೆಯೇ ಅಡುಗೆಕಟ್ಟೆಗೆ ಹೋದೆ;
ಅವಳು ನಾನು ಹೇಳದೆಯೇ ಗಟ್ಟಿಯಾಗಿ ಎಣಿಸಿದಳು.
ಕೆತುರಿ ಎಂದವಳು ನನ್ನ ಮುಖ ನೋಡಿ
ಪೆಂಕಿ ಎಂದಳು. ಚಮಚದ ತುದಿ ಚಾಕುವಿನಿಂದ ಗೀರಿ
ಶೆಶಿ.
ಆ ಭಾಷೆಯಲ್ಲಿ ನನಗೆ ಬರುವುದು ಇವೆರಡೇ ಮಾತು.

ತೂಕ ಎಷ್ಟಾಯಿತು ಅಂತ ಕೇಳುತ್ತೀರಿ.
ಅಂಕಿ ಇನ್ನೂ ನಿಂತಿರಲಿಲ್ಲ,
ದೊಮಾಂತಾಸ್ ಕಾಲೆತ್ತಿ
ತಕ್ಕಡಿಯ ಮೇಲೆ, ನನ್ನ ತೋಳಿನ ಮೇಲೆ,
ಕೆಂಪು ಪುಸ್ತಕದ ಮೇಲೆ
ಧಾರಾಳವಾಗಿ ಉಚ್ಚೆ ಹೊಯ್ದ.
ಒರೆಸಿ, ಸೊನ್ನೆಗೆ ತಂದು,
ಮತ್ತೆ ಮಲಗಿಸಿದೆ.