ಒಂದು 'ಉ' ಕಡಿಮೆ

ಅಕ್ಟೋಬರಿನ ಮೊದಲ ಚಳಿಗೆ
ಇಪ್ಪತ್ತೊಂದು ಜಿಪ್ಪುಗಳೂ ನನ್ನ ಪಾಲಿಗೆ.
ಬಿಡುವಿನ ಗಂಟೆಯಾದರೆ ಸಾಲಾಗಿ ನಿಂತು
ಗದ್ದ ಮೇಲೆತ್ತಿ ಕಾಯುತ್ತಿದ್ದರು,
ಕ್ಷೌರಕ್ಕೆ ಕೂತ ಮುದುಕರಂತೆ.
ಟೀಚರ್, ಸಿಕ್ಕಿಕೊಂಡಿದೆ. ಟೀಚರ್, ಬರ್ತಿಲ್ಲ.
ಟೀಚರ್, ಲಿಬಾನ್ ನನ್ನ ಕೈಗವಸು ಹಾಕಿಕೊಂಡಿದ್ದಾನೆ.
ಲಿಬಾನ್ ಹಾಕಿಕೊಂಡಿದ್ದದ್ದು ಅವನದೇ ಕೈಗವಸು.

ಕಾಯಾನಿಯಲ್ಲಿ ನವೆಂಬರ್ ಎಂದರೆ
ಮಧ್ಯಾಹ್ನ ಮೂರಕ್ಕೇ ದೀಪ.
ಕಿಟಕಿಯಾಚೆ ಕತ್ತಲು, ಒಳಗೆ
ಒದ್ದೆ ಉಣ್ಣೆಯ ಕಾಲುಚೀಲದ ವಾಸನೆ,
ಗುರುವಾರವಾದರೆ ಬಟಾಣಿ ಸಾರಿನದೂ.
ಹಲಗೆಯ ಮೇಲೆ ಎರಡು ಪದ ಬರೆದೆ:
ತುಲಿ. ತೂಲಿ.
ಒಂದೇ 'ಉ' ಇದ್ದರೆ ಬೆಂಕಿ,
ಎರಡು 'ಉ' ಕೈ ಹಿಡಿದು ನಿಂತರೆ ಗಾಳಿ.
ನಮ್ಮ ನುಡಿಯೇ ಹೀಗೆ ಮಕ್ಕಳೇ,
ಆತುರದವರನ್ನು ಸುಡುತ್ತದೆ, ಎಂದೆ.
ಯಾರೂ ನಗಲಿಲ್ಲ.
ತುಟಿ ಮುಂದೆ ಮಾಡಿ ಊದಿದರು, ತೂ... ಊ... ಲಿ,
ವೇಟಿಯ ಅಲ್ಲಾಡುವ ಹಲ್ಲು ಆವತ್ತೇ ಬಿತ್ತು.

ಹಿಲ್ಲಾಳ ಕೊರಳಲ್ಲಿ ಮನೆಯ ಕೀಲಿ, ನೀಲಿ ದಾರದಲ್ಲಿ.
ಲೆಕ್ಕ ಮಾಡುವಾಗ ಅದನ್ನು ಬಾಯಿಗಿಟ್ಟುಕೊಳ್ಳುತ್ತಾಳೆ:
ಏಳಕ್ಕೆ ಮೂರು ಕೂಡಿದರೆ ಕಬ್ಬಿಣದ ರುಚಿ.
ತಾಯಿ ಮಿರ್ವಾ ಹಿಮ ತಳ್ಳುವ ಲಾರಿ ಓಡಿಸುತ್ತಾಳೆ,
ಊರವರಿಗೆಲ್ಲ ದಾರಿ ಮಾಡಿಕೊಟ್ಟು
ಕೊನೆಗೆ ತನ್ನ ಮನೆಗೆ.

ಆ ಮಂಗಳವಾರ ಸರೋವರದ ಕಡೆಯಿಂದ ಗಾಳಿ ಎದ್ದಿತ್ತು.
ಹಿಲ್ಲಾ ಒಬ್ಬಳೇ ಬಂದು, ಬೀಗ ತೆಗೆದು,
ಬೂಟು ಬಿಚ್ಚಿಟ್ಟು, ಹಾಲು ಬಗ್ಗಿಸಿಕೊಂಡು,
ಚಿಮಣಿ ಊಳಿಡುವುದನ್ನು ಕೇಳುತ್ತ ಕೂತಳು, ಎಷ್ಟು ಹೊತ್ತೋ.
ಯಾರನ್ನೂ ಕರೆಯಲಿಲ್ಲ.
ಪೆನ್ಸಿಲು ಹುಡುಕಿದಳು.

ರಾತ್ರಿ ಏಳಕ್ಕೆ ಮಿರ್ವಾಗೆ ಸಿಕ್ಕಿದ್ದು
ಬಾಗಿಲ ಹೊರಗೆ, ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಅಂಟಿಸಿದ ಚೀಟಿ:

ಅಮ್ಮಾ ಚಿಮಣಿಯಲ್ಲಿ ಬೆಂಕಿ ಕೂಗುತ್ತಿದೆ
ರೌನಿ ಅಜ್ಜಿ ಹತ್ತಿರ ಹೋದೆ
ಬೀಗ ಹಾಕಿದ್ದೇನೆ

ಕೈಗವಸು ಕಿತ್ತೆಸೆದು ಬಾಗಿಲಿಗೆ ಅಂಗೈ ಒತ್ತಿದಳಂತೆ.
ತಣ್ಣಗಿತ್ತು. ನಂಬಲಿಲ್ಲ.
ಒಲೆ ಮುಟ್ಟಿದಳು, ಗೋಡೆ ಮುಟ್ಟಿದಳು,
ಮಂಚದ ಕೆಳಗೂ ಬಗ್ಗಿ ನೋಡಿದಳು,
ಆಮೇಲೆ ಬಾಗಿಲು ಹಾಗೇ ಬಿಟ್ಟು ಹಿಮದಲ್ಲಿ ಓಡಿ,
ಪಕ್ಕದ ಅಡುಗೆಮನೆಯಲ್ಲಿ ಏಲಕ್ಕಿ ಬನ್ನು ತಿನ್ನುತ್ತಿದ್ದ
ಮಗಳನ್ನು ಕಂಡು ಮೊದಲು ಬೈದಳು.
ಮರುದಿನ ಅವಳೇ ಹೇಳಿದ್ದು. ಬೈದದ್ದನ್ನು ಎರಡು ಸಲ ಹೇಳಿದಳು.

ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ನೋಡಿ, ಎಂದಳು.
ನೋಡಿದೆ. ಒಂದೊಂದು ಅಕ್ಷರವೂ ತನ್ನ ಕಾಲ ಮೇಲೆ ನಿಂತಿತ್ತು.
ಪದಪದದ ನಡುವೆ ಬೆರಳಿನಗಲ ಜಾಗ, ನಾನು ಕಲಿಸಿದಂತೆಯೇ.
ಹೆದರಿಕೆ ಎಂಬ ಪದ ಮಾತ್ರ ಎಲ್ಲೂ ಇರಲಿಲ್ಲ.
ಅದನ್ನು ನಾನಿನ್ನೂ ಕಲಿಸಿಲ್ಲ.

ಕೆಂಪು ಪೆನ್ನು ಆಗಲೇ ಕೈಗೆ ಬಂದಿತ್ತು, ಮೂವತ್ತು ವರ್ಷದ ಚಾಳಿ.
ಹಿಲ್ಲಾ ಮೇಜಿನಂಚಿಗೆ ಗದ್ದವೂರಿ
ಬೆರಳಿಟ್ಟು ಓದಿದಳು, ಜೋರಾಗಿ.
ಒಂದು ಪದಕ್ಕೆ ನಿಂತಳು.
ಮತ್ತೆ ಓದಿದಳು.
ಕಿವಿ ಕೆಂಪಾಯಿತು.
ತಡೀರಿ, ನಾನೇ, ಎಂದು
ತನ್ನ ಮೊಂಡು ಪೆನ್ಸಿಲಿನಿಂದ ಎರಡಕ್ಷರದ ಸಂದಿಯಲ್ಲಿ,
ತುಂಬಿದ ಬಸ್ಸಿನಲ್ಲಿ ಒಂಚೂರು ಸರಿಯಿರಿ ಅನ್ನುವವರ ಹಾಗೆ,
ಇನ್ನೊಂದು 'ಉ' ತುರುಕಿದಳು.
ಚಿಮಣಿಯ ಬೆಂಕಿ ಆರಿತು.
ಮಿರ್ವಾ ಮುಖ ಆಚೆ ತಿರುಗಿಸಿಕೊಂಡಳು.
ಹೊರಗೆ ಅವಳ ಲಾರಿ, ಎಂಜಿನ್ ಆರಿಸದೆ,
ಗುರುಗುಡುತ್ತ ನಿಂತಿತ್ತು.

ಬಿಡುವಿನ ಗಂಟೆ. ಸಾಲಿನಲ್ಲಿ ಇವತ್ತು ಹದಿಮೂರೇ ಗದ್ದ.
ಹಿಲ್ಲಾ ಮೂಲೆಯ ಬೆಂಚಿನ ಮೇಲೆ
ನಾಲಗೆ ಹೊರಚಾಚಿ ಜಿಪ್ಪಿನೊಡನೆ ಹೆಣಗುತ್ತಿದ್ದಾಳೆ,
ದಾರ ಹಲ್ಲಿಗೆ ಸಿಕ್ಕಿದೆ, ಅರ್ಧಕ್ಕೇ.
ನನ್ನ ಕೈ ತಾನಾಗಿ ಮುಂದೆ ಹೋಗಿ,
ನಡುವೆ ನಿಂತು,
ಬೇರೇನೋ ಕೆಲಸವಿದ್ದಂತೆ
ಚಾಕ್‌ಪೀಸು ಎತ್ತಿಕೊಂಡಿತು.