ಇತರೆ: ಆರುನೂರು

ಬೇರಿಂಗ್ ಡಬ್ಬದ ಮುಚ್ಚಳ ಹರಿದು
ಅದರ ಬೆನ್ನಿಗೆ ಬರೆದುಕೊಟ್ಟ ಗೌಸ್ ಪೀರ್:
ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು,
ಫ್ಲೈವೀಲು ಲೇತಿಗೆ, ಗೇರಾಯಿಲ್, ಕೂಲಿ,
ಇತರೆ ಆರುನೂರು.
ಒಟ್ಟು ಏಳು ಸಾವಿರದ ನಾನೂರು.
ಕೆಳಗೆ ಎರಡು ಗೀಟು,
ಇನ್ನು ಮಾತಿಲ್ಲ ಎಂಬಂತೆ.

ಆಟೋ ಕಾಂಪ್ಲೆಕ್ಸಿನಲ್ಲಿ ಮಧ್ಯಾಹ್ನ. ನನ್ನ ಓಮ್ನಿ
ಜಾಕಿನ ಮೇಲೆ, ಹೊಟ್ಟೆ ಬಿಚ್ಚಿಸಿಕೊಂಡು.
ಹಿಂದೆ ಎರಡು ಹಾರ್ಮೋನಿಯಂ
ಹಳೇ ಸೀರೆ ಹೊದ್ದು ಮಲಗಿವೆ.
ನಾಳೆ ಹತ್ತಕ್ಕೆ ಸಾಗರಕ್ಕೆ ಮುಟ್ಟಿಸಬೇಕು.
ಇದು ಅವನಿಗೂ ಗೊತ್ತು. ನಾನೇ ಹೇಳಿಬಿಟ್ಟೆ, ದಡ್ಡ.

ನ್ಯೂಮಂಡ್ಲಿಯ ಗ್ಯಾರೇಜಿಗೆ ಫೋನು ಹಚ್ಚಿದೆ.
"ಐದು ಸಾವಿರಕ್ಕಾಗತ್ತೆ, ತಗೊಂಬನ್ನಿ" ಎಂದ
ಗಾಡಿಯ ಮುಖ ನೋಡದೆ.
ಬಿಚ್ಚದೆ ಹೇಳಿದ ಬೆಲೆ
ಬಿಚ್ಚಿದ ಮೇಲೆ ಬೆಳೆಯುತ್ತದೆ;
ಈ ವಿದ್ಯೆ ನನಗೆ ಯಾರೂ ಕಲಿಸಬೇಕಿಲ್ಲ.

ರಿಪ್ಪನ್‌ಪೇಟೆಯಿಂದ ಪೆಟ್ಟಿಗೆ ತಂದಿದ್ದರು ಸರೋಜಿನಿಬಾಯಿ.
ಹೋಗಿದ್ದದ್ದು ಮೂರು ರೀಡು. ಎಂಟು ಎಂದೆ.
ಆ ತಿಂಗಳು ಅಂಗಡಿ ಬಾಡಿಗೆ ಬಾಕಿಯಿತ್ತು ಅಂತ
ಈಗ ಸೇರಿಸಿಕೊಳ್ಳುತ್ತೇನೆ,
ಆಗ ಅಷ್ಟೂ ಯೋಚಿಸಿರಲಿಲ್ಲ.
ಪರ್ಸಿನ ಒಳಜೇಬಿಂದ ನೋಟು ತೆಗೆದು
ಎಣಿಸಿ, ಮತ್ತೊಮ್ಮೆ ಎಣಿಸಿ ಕೊಟ್ಟರು.
ಹಳೇ ರೀಡು ತೋರಿಸಿ ಅನ್ನಲಿಲ್ಲ.

"ಹಳೇ ಪ್ಲೇಟು ತೋರ್ಸು ಮಾರಾಯ" ಎಂದೆ.
ಬೇಸರಿಸದೆ ಕೈಗಿಟ್ಟ.
ರಿವಿಟ್ಟು ಇಣುಕುವಷ್ಟು ಸವೆದಿದೆ, ಸುಟ್ಟ ನಾತ.
ಇದು ನಿಜ.
ಫ್ಲೈವೀಲಿನ ಮೇಲೆ ಬೆರಳಾಡಿಸಿ "ಗೆರೆ ನೋಡಿ" ಎಂದ.
ನೋಡಿದೆ. ಗೆರೆ ಇತ್ತು.
ಎಷ್ಟು ಗೆರೆಗೆ ಎಷ್ಟು ದುಡ್ಡು,
ಅದನ್ನು ಓದಲು ನನ್ನ ಕಣ್ಣು ಶಾಲೆಗೆ ಹೋಗಿಲ್ಲ.

"ಈ ಇತರೆ ಅಂದ್ರೆ?"
ನಕ್ಕ. ಮೊಣಕೈಯಲ್ಲಿ ಮೂಗೊರೆಸಿಕೊಂಡು,
"ನೀವು ಹೊಡೆದು ಹಾಕ್ಲಿ ಅಂತಾನೇ ಬರ್ದಿದ್ದು, ಮಾಸ್ತರೆ.
ಏನೂ ಹೊಡೀದೆ ಹೋದ್ರೆ
ರಾತ್ರಿ ನಿದ್ದೆ ಬರಲ್ಲ ನಿಮಗೆ."
ಪೆನ್ನು ನನ್ನ ಕೈಗೇ ಕೊಟ್ಟ.
ಹೊಡೆದೆ.

ನಿದ್ದೆ ಬಂತು, ಸುಳ್ಳು ಯಾಕೆ.

ಬೆಳಗ್ಗೆ ಕ್ಲಚ್ಚು ಬೆಣ್ಣೆ.
ಎರಡನೇ ಗೇರಿನಲ್ಲಿ ಮಾತ್ರ ಸಣ್ಣದೊಂದು ಸದ್ದು,
ಕೋಮಲ ನಿಷಾದಕ್ಕಿಂತ ಕೂದಲೆಳೆ ಕೆಳಗೆ.
ಮೊದಲೂ ಇತ್ತೇ?
ಇಪ್ಪತ್ತೆಂಟು ವರ್ಷ ಊರಿನ ಪೆಟ್ಟಿಗೆಗಳಿಗೆ
ಶ್ರುತಿ ಕೂಡಿಸಿದ ಕಿವಿ
ಸ್ವಂತ ಗಾಡಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಆಯನೂರು ಬಂತು.
ಎಡಕ್ಕೆ, ರಿಪ್ಪನ್‌ಪೇಟೆಗೆ ತಿರುಗುವ ರಸ್ತೆ.
ಗೇರು ಇಳಿಸಿದೆ.
ಸದ್ದು ಕೇಳಿತು.
ಹತ್ತಕ್ಕೆ ಸಾಗರ, ಎಂದುಕೊಂಡು
ಮತ್ತೆ ಏರಿಸಿದೆ.