ಬೇಲಿ ನೋಡುವವನು

ಪಾದ್ರಿ ಬೇಡ ಎಂದೆ. ಪಾದ್ರಿಯಾಗಲು ಓಸ್‌ಗುಡ್ ಆಗಲೇ ಕಾದು ಕೂತಿದ್ದಾನೆ;
ನಲವತ್ತು ವರ್ಷ ಹಲ್ಲು ಕಿತ್ತವನಿಗೆ ಈಗ ದೆವ್ವ ಕೀಳುವ ಆಸೆ.
ಸೂಲಗಿತ್ತಿ ಟಿಯಾಗೊನ ಪಾಲು; ಗಡ್ಡ ನೀವುತ್ತ
ಅವಳಿಗೊಂದು ಹೆಸರು ಹುಡುಕುತ್ತಿದ್ದಾನೆ.
ನನಗೆ ಸಣ್ಣವನೊಬ್ಬ ಸಾಕು.
ಮೊದಲ ರಾತ್ರಿಯೇ ಸತ್ತರೂ ಯಾರೂ ಆಟ ನಿಲ್ಲಿಸದಂಥವನು.

ಹೊರಗೆ ಮೆರಿಮ್ಯಾಕ್ ನದಿ ಹೆಪ್ಪುಗಟ್ಟಿದೆ.
ಲೈಬ್ರರಿಯ ಹಿಂಕೋಣೆಯಲ್ಲಿ ಹೀಟರು ಕೆಮ್ಮುತ್ತಿದೆ.
ಆಟದ ಸೂತ್ರಧಾರಿ ಲಿಂಡ್‌ಕ್ವಿಸ್ಟ್
ಹಾಳೆಯೊಂದನ್ನು ನನ್ನತ್ತ ಸರಿಸುತ್ತಾಳೆ:
ಇಸವಿ ಸಾವಿರದ ಆರುನೂರ ತೊಂಬತ್ತೊಂದು.
ಊರು ಬ್ರೇಂಬಲ್‌ಫೋರ್ಡ್. ಭೂಪಟದಲ್ಲಿಲ್ಲ, ಹುಡುಕಬೇಡ.
ನೀನು ಯಾರು?

ಹೆಸರು: ಪೆಲಟಾಯ ಕ್ರೋವೆಲ್.
ಹೆಂಡತಿ ಥ್ಯಾಂಕ್‌ಫುಲ್, ಮಗಳು ಸೈಲೆನ್ಸ್.
ಕೃತಜ್ಞತೆ, ಮೌನ. ಆ ಕಾಲದಲ್ಲಿ ಹೆಸರೆಂದರೆ
ಹೆತ್ತವರು ಮಕ್ಕಳ ತಲೆಗೆ ಹೊರಿಸಿದ ಹರಕೆ.
ವಯಸ್ಸು ನಲವತ್ತಮೂರು. ಕಸುಬು:
ಬೇಲಿ ನೋಡುವವನು.

ಹಾಗೂ ಒಂದು ಕಸುಬೇ? ಓಸ್‌ಗುಡ್ ನಕ್ಕ.
ಇತ್ತು. ನನಗೆ ಗೊತ್ತು. ಹಗಲೆಲ್ಲ ನಾನು
ನೋಂದಣಿ ಕಚೇರಿಯಲ್ಲಿ ಹಳೆಯ ಕ್ರಯಪತ್ರಗಳ ಧೂಳು ತಿನ್ನುವವಳು:
"ಬಾಗಿದ ಓಕ್ ಮರದಿಂದ ಕಲ್ಲುಗುಡ್ಡೆಯ ತನಕ,
ಅಲ್ಲಿಂದ ಹಳ್ಳ ಹೋದ ಹಾಗೆ ಹೋಗಿ..."
ಮರ ಬಿದ್ದು ಇನ್ನೂರು ವರ್ಷ. ಹಳ್ಳ ದಾರಿ ಬದಲಿಸಿದೆ.
ಗೆರೆ ಮಾತ್ರ ಇದೆ.

ದಾಳ ಉರುಳಿಸು, ಅಂದಳು.
ಮೈಬಲ ಹನ್ನೊಂದು. ಚುರುಕು ಒಂಬತ್ತು.
ಅದೃಷ್ಟ ನಾಲ್ಕು; ಮೇಜಿನ ಸುತ್ತ ಲೊಚಗುಟ್ಟಿದರು.
ದೇವಭಕ್ತಿ ಹದಿನಾರು!
ಹಂದಿ ನುಗ್ಗಿದ ಹೊಲಕ್ಕೆ ದಂಡ ಹೇಳುತ್ತ
ಮನಸ್ಸಿನಲ್ಲೇ ಕೀರ್ತನೆ ಗುನುಗುವವನು, ಸರಿ.
ಚಳಿಗೆ ಒಡೆದ ಬೆರಳು, ಕುರಿಕೊಬ್ಬಿನ ವಾಸನೆ,
ಎಡಗಾಲಿನ ಬೂಟಿಗೆ ಬೇರೆ ಬಣ್ಣದ ತೇಪೆ.
ಬರೆಯಲು ಬಾರದು. ಸಹಿಯ ಬದಲು ಗೂಟದಂಥ ಒಂದು ಗುರುತು.
ಸೈಲೆನ್ಸ್ ಓದಿ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾನೆ.

ಇಷ್ಟಾಗುವಾಗ ಅವನು ನನಗೆ ಹಿಡಿಸತೊಡಗಿದ್ದ.

ಕೊನೆಯ ಚೌಕ: ಗುಟ್ಟು.
ಇದು ನಿನಗೂ ನನಗೂ ಮಾತ್ರ, ಲಿಂಡ್‌ಕ್ವಿಸ್ಟ್ ದನಿ ತಗ್ಗಿಸಿದಳು,
ಬೆನ್ನು ತಣ್ಣಗಾಗುವಂಥದ್ದು ಕೊಡು.
ಜೌಗಿನಲ್ಲಿ ಕಂಡ ಕೊಂಬಿನವನನ್ನು ಬರೆಯಬಹುದಿತ್ತು.
ತೊಟ್ಟಿಲಲ್ಲಿ ಬದಲಾದ ಕೂಸನ್ನು ಬರೆಯಬಹುದಿತ್ತು.
ಪೆನ್ಸಿಲು ಬರೆದದ್ದು ಇಷ್ಟು:

ಅಕ್ಟೋಬರಿನ ಒಂದು ರಾತ್ರಿ
ವಿಧವೆ ಮೆಹಿಟಬೆಲ್ಲಳ ಬೇಲಿಯನ್ನು
ಅವಳ ಕಡೆಗೆ ಮೂರು ಮೊಳ ಸರಿಸಿದೆ.
ಬೆಳಗ್ಗೆ ಬಂದು ನಿಂತಳು, ಏನೂ ಅನ್ನಲಿಲ್ಲ,
ನನ್ನ ಮುಖ ನೋಡಿದಳು.
ಆ ವಾರ ನಮ್ಮ ಹಸುವಿನ ಕೆಚ್ಚಲು ಬತ್ತಿತು.
ಭಾನುವಾರ ಪ್ರಾರ್ಥನೆಯ ನಡುವೆ ಎದ್ದು ಹೇಳಿದೆ:
ಅವಳ ದೃಷ್ಟಿ ಒಳ್ಳೆಯದಲ್ಲ.

ಕೆಳಗೆ ಗೂಟದ ಗುರುತು ಹಾಕಿದೆ.

ಲಿಂಡ್‌ಕ್ವಿಸ್ಟ್ ಓದಿದಳು. ಮತ್ತೆ ಓದಿದಳು.
ದೆವ್ವ ಎಲ್ಲಿ? ಎಂದಳು.
ತಮಾಷೆಗೆ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಅವಳು ನಗಲಿಲ್ಲ.

ಇನ್ನೊಂದಿತ್ತು. ಮೆಹಿಟಬೆಲ್ಲಳ ನೆಲದಲ್ಲೂ ಅವನ ನೆಲದಲ್ಲೂ
ಪೆನಕುಕ್ ಹೆಂಗಸರು ಮೆಕ್ಕೆಜೋಳ ನೆಟ್ಟ
ಪುಟ್ಟ ಪುಟ್ಟ ಮಣ್ಣುದಿಬ್ಬಗಳು;
ನೇಗಿಲು ಈಗಲೂ ಅಲ್ಲಿ ಎಡವುತ್ತದೆ.
ಅದಕ್ಕೆ ಹಾಳೆಯಲ್ಲಿ ಚೌಕವಿಲ್ಲ. ಅಂಚಿನಲ್ಲಿ ಬರೆದೆ,
ಅಂಚು ಸಾಲದೆ ಬೆನ್ನಿಗೆ.

ಬೇಲಿ ಹೊಲ ಮೇಯ್ದ ಕತೆ ಎಲ್ಲರಿಗೂ ಗೊತ್ತು.
ಮೇಯ್ದು, ತೇಗಿ, ಬೆಳಗ್ಗೆ ಮತ್ತೆ ಬೇಲಿಯ ಹಾಗೇ ನಿಂತಿತಲ್ಲ,
ನನ್ನ ಭಯ ಅದು.

ಮೇಣದಬತ್ತಿ ಹಚ್ಚಿದರು; ಲೈಬ್ರರಿಯ ನಿಯಮಕ್ಕೆ ಹೆದರಿ, ಬ್ಯಾಟರಿಯದು.
ಆಟ ಶುರು. ಮುಸ್ಸಂಜೆ, ಹಿಮ, ಊರಾಚೆ
ಯಾರೋ ಗೂಟ ಬಡಿಯುವ ಸದ್ದು.
ಯಾರು ಹೋಗಿ ನೋಡುತ್ತೀರಿ?
ಓಸ್‌ಗುಡ್ ಬೈಬಲ್ ಎತ್ತಿಕೊಂಡ. ಟಿಯಾಗೊ, ಲಾಟೀನು.
ಎಲ್ಲರಿಗಿಂತ ಮೊದಲು ಸಾಯಲೆಂದೇ ನಾನು ಮಾಡಿದವನು!
ಈಗ ದಾಳವನ್ನು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು
ಬೇಡಿಕೊಳ್ಳುತ್ತಿದ್ದೇನೆ: ಸಾಯದಿರಲಿ,
ಅಷ್ಟು ಸುಲಭಕ್ಕೆ ಬಿಡಬೇಡ.

ತೇಪೆಯ ಬೂಟು ಮೆಟ್ಟಿ ಅವನು ಎದ್ದ.
ನೋಡುವುದೇ ಅವನ ಕೆಲಸ.